ಕಸಿಗಾರನ ಚಾಕು

“ಬುದ್ಧೀ, ಧ್ಯಾನಕ್ಕೆ ಕೂತ ಕೂಡಲೇ ಮನಸ್ಸು ತೆರೆದುಕೊಳ್ಳಬೇಕು. ಅದಕ್ಕೆ ಏನಾದರೂ ಸುಲಭದ ಉಪಾಯ ಇದೆಯೇ?”

ಕೇಳಿದವನು ಅಡಿವೆಪ್ಪ, ಮಠಕ್ಕೆ ಬಂದು ಎರಡು ವರ್ಷವಾದ ಶಿಷ್ಯ. ಧ್ಯಾನಕ್ಕೆ ಕೂತರೆ ಅರ್ಧ ಹೊತ್ತು ಮನಸ್ಸಿನ ಜೊತೆ ಗುದ್ದಾಡುವುದರಲ್ಲೇ ಕಳೆಯುತ್ತದೆ, ಇನ್ನೇನು ತೆರೆಯಿತು ಅನ್ನುವಷ್ಟರಲ್ಲಿ ಊಟದ ಗಂಟೆ ಬಾರಿಸುತ್ತಾರೆ ಎಂಬುದು ಅವನ ಸಂಕಟ. ಇದೇ ಮಾತನ್ನು ಹೋದ ತಿಂಗಳೂ ಕೇಳಿದ್ದ, ಅದರ ಹಿಂದಿನ ತಿಂಗಳೂ ಕೇಳಿದ್ದ. ಕೇಳುವಾಗಲೂ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದ.

ಗುರುಗಳು, “ಮೊದಲು ಕೂತುಕೋ. ನಿನ್ನನ್ನು ನೋಡಿದರೆ ನನಗೇ ತಲೆ ತಿರುಗುತ್ತದೆ,” ಎಂದು ಈ ಕತೆ ಹೇಳಿದರು.

ಒಬ್ಬ ಕಸಿಗಾರನಿದ್ದ. ಮಾವಿನ ಕಸಿ ಕಟ್ಟುವುದರಲ್ಲಿ ಅವನ ಕೈ ಪಳಗಿತ್ತು. ಅವನ ಹತ್ತಿರ ಒಂದು ಮಡಚುವ ಚಾಕು ಇತ್ತು. ಮಾವಿನ ಸೊನೆ ಅಂಟಿ ಅಂಟಿ ಅದರ ಕೀಲು ಬಿಗಿದುಹೋಗಿತ್ತು. ಪ್ರತಿ ಸಲವೂ ಉಗುರು ಹಾಕಿ, ಹಲ್ಲು ಕಚ್ಚಿ ಅಲಗನ್ನು ಹೊರಗೆಳೆಯಬೇಕು. ನಿನ್ನ ಹಾಗೆ ಅವನಿಗೂ ತಾಳ್ಮೆ ಕಡಿಮೆ. ಹಾಳಾದ್ದು, ಇದರ ಜೊತೆ ಜಗಳವಾಡುವುದರಲ್ಲೇ ನನ್ನ ಆಯುಷ್ಯ ಮುಗಿಯುತ್ತದೆ ಎಂದು ಬೈದುಕೊಳ್ಳುತ್ತಿದ್ದ.

ಇದಕ್ಕೆ ಏನು ಮಾಡಬೇಕೆಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೆಲಸ ಕಲಿಸಿದವನು ಹೇಳಿಕೊಟ್ಟಿದ್ದ. ಬಿಸಿನೀರಿನಲ್ಲಿ ಸೊನೆ ತೊಳೆಯಬೇಕು, ಬಿಸಿಲಿಗಿಟ್ಟು ಒಣಗಿಸಬೇಕು. ಕಡ್ಡಿಯ ತುದಿಯಿಂದ ಕೀಲಿಗೆ ಒಂದೇ ಹನಿ ಎಣ್ಣೆ ಮುಟ್ಟಿಸಿ, ಹತ್ತಾರು ಸಲ ತೆರೆದು ಮಡಚಿ, ಹೊರಗೆ ಬಂದ ಎಣ್ಣೆಯನ್ನೆಲ್ಲ ಬಟ್ಟೆಯಿಂದ ಒರೆಸಿ ಒಂದು ದಿನ ಬಿಡಬೇಕು. ಎಣ್ಣೆ ಕೀಲಿಗೆ ಮಾತ್ರ, ಅಲಗಿಗೆ ಸೋಕಬಾರದು. ಆದರೆ ಒಂದು ದಿನ ಬಿಡುವುದು ಯಾರಿಂದಾಗುತ್ತದೆ? ಅವನು ಹೊಲಿಗೆ ಮಷೀನಿಗೆ ಹಾಕುವ ಎಣ್ಣೆ ತಂದು ಹಿಡಿಯೊಳಗೆ ಸುರಿದುಬಿಟ್ಟ.

ಬೆರಳು ತಾಗಿದರೆ ಸಾಕು, ಚಾಕು ತೆರೆದುಕೊಳ್ಳತೊಡಗಿತು. ಅವನ ಸಂತೋಷ ಹೇಳತೀರದು. ದಾರಿಯಲ್ಲಿ ನಡೆಯುವಾಗ ತೆರೆಯುತ್ತಿದ್ದ, ಮಡಚುತ್ತಿದ್ದ. ಊಟಕ್ಕೆ ಕೂತರೆ ಎಡಗೈಯಲ್ಲಿ ಅದೇ ಕೆಲಸ. ಸ್ವಲ್ಪ ಬಿಗಿಯಾಯಿತು ಅನ್ನಿಸಿದರೆ ಮತ್ತೆ ಎಣ್ಣೆ. ಆ ಟಕ್ ಟಕ್ ಕೇಳಿ ಕೇಳಿ ನನಗೆ ಹುಚ್ಚು ಹಿಡಿಯುತ್ತದೆ ಎಂದು ಹೆಂಡತಿ ಗೋಳಾಡಿದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೀಗಿರುವಾಗ ಪಕ್ಕದ ಊರಿನಿಂದ ಒಬ್ಬ ಮುದುಕಿ ಏದುಸಿರು ಬಿಡುತ್ತ ಬಂದಳು. ಹಿಂದಿನ ದಿನದ ಗಾಳಿಗೆ ಅವಳ ಹಿತ್ತಿಲಿನ ಮಾವಿನ ಮರ ಬೇರು ಸಮೇತ ಬಿದ್ದಿತ್ತು. ಆ ಮರದ ವಾಟೆ, ಅಂದರೆ ಗೊರಟು, ನೆಟ್ಟವಳು ಅವಳ ಮಗಳು, ಆರು ವರ್ಷದವಳಿದ್ದಾಗ. ಆ ಮಗಳು ಮೊದಲ ಹೆರಿಗೆಯಲ್ಲೇ ತೀರಿಹೋದಳು. ಮುದುಕಿಗೆ ಉಳಿದದ್ದು ಮರ ಒಂದೇ. ವಾಟೆ ನೆಟ್ಟರೆ ಅದೇ ಮರ ಬರುವುದಿಲ್ಲ, ಕಸಿ ಕಟ್ಟಿದರೆ ಮಾತ್ರ ಬರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಬಿದ್ದ ಮರದ ಕಡ್ಡಿಯಲ್ಲಿ ಇವತ್ತು ಜೀವವಿದೆ, ನಾಳೆ ಇರುತ್ತದೋ ಇಲ್ಲವೋ, ಈಗಲೇ ಬಾ ಎಂದು ಅವನ ಕೈ ಹಿಡಿದುಕೊಂಡಳು.

ಅವನು ಹನ್ನೆರಡು ಸಸಿ ಹೊತ್ತುಕೊಂಡು ಹೋದ. ಕಡ್ಡಿ ಆರಿಸಿದ, ಕೊಯ್ದ, ಸಸಿಯನ್ನು ಸೀಳಿ ಕೂಡಿಸಿದ, ಪಟ್ಟಿ ಸುತ್ತಿದ. ಒಂದು ಸಸಿ ಮುಗಿದರೆ ಚಾಕು ಮಡಚುವನು, ಇನ್ನೊಂದಕ್ಕೆ ತೆರೆಯುವನು. ಮಡಚುವ ಅಗತ್ಯವೇ ಇರಲಿಲ್ಲ, ಆದರೆ ಅವನಿಗೆ ಆ ಟಕ್ ಬೇಕಿತ್ತು. ಪ್ರತಿ ಸಲವೂ ಕೀಲಿನ ಎಣ್ಣೆ ಒಂದಿಷ್ಟು ಅಲಗಿಗೆ ಇಳಿಯಿತು. ಕೊಯ್ದ ಗಾಯ ಮಿನುಗಿತು. ಅಲಗು ಅಷ್ಟು ಹರಿತವಾಗಿದೆ ಎಂದುಕೊಂಡ. ಹೊತ್ತು ಏರುವ ಮೊದಲೇ ಕೆಲಸ ಮುಗಿಯಿತು. ಇಷ್ಟು ಬೇಗ ಆಯಿತೇ ಎಂದು ಮುದುಕಿ ಬೆರಗಾದಳು. ಎಲ್ಲಾ ಚಾಕುವಿನ ಗುಣ ಎಂದು ಅವನು ಬೀಗಿದ.

ಒಂದು ತಿಂಗಳು ಮುದುಕಿ ಆ ಸಸಿಗಳ ಪಕ್ಕದಲ್ಲೇ ಕೂತಳು. ಒಂದರಲ್ಲೂ ಚಿಗುರು ಕಾಣಲಿಲ್ಲ. ಹೇಳಿ ಕಳಿಸಿದಳು. ಅವನು ಬಂದು ಒಂದು ಪಟ್ಟಿ ಬಿಚ್ಚಿದ. ಕಡ್ಡಿ ಕೈಗೇ ಬಂತು. ಗಾಯ ಕಪ್ಪಾಗಿತ್ತು, ಹೆಬ್ಬೆರಳಿಟ್ಟರೆ ಜಾರಿತು. ಮೂಸಿ ನೋಡಿದರೆ ಮಷೀನಿನ ಎಣ್ಣೆಯ ವಾಸನೆ. ಹನ್ನೆರಡನ್ನೂ ಬಿಚ್ಚಿದ, ಹನ್ನೆರಡೂ ಹಾಗೆಯೇ. ನಡುವೆ ಎಣ್ಣೆ ನಿಂತರೆ ಕಡ್ಡಿ ಸಸಿಗೆ ಕೂಡುವುದು ಹೇಗೆ?

ಮುದುಕಿಗೆ ಎಣ್ಣೆಯ ವಿಷಯ ತಿಳಿಯಲಿಲ್ಲ, ಕಡ್ಡಿಯ ಜೀವದ ಬಗ್ಗೆ ತಾನೇ ಹೇಳಿದ್ದೂ ಆಸೆಯಲ್ಲಿ ಮರೆತುಹೋಗಿತ್ತು. “ಹೋಗಲಿ ಬಿಡಪ್ಪಾ, ಇನ್ನೊಂದು ಸಲ ಕಟ್ಟು. ಹೇಗೂ ನಿನ್ನ ಕೈ ಬೇಗ ನಡೆಯುತ್ತದೆ,” ಎಂದಳು.

ಅವನ ಕೈ ತಾನಾಗಿಯೇ ಚಾಕುವಿಗೆ ಹೋಯಿತು. ಬೆರಳು ತಾಗುತ್ತಲೇ ಅದು ತೆರೆದುಕೊಂಡಿತು. ತಿರುಗಿ ನೋಡಿದರೆ ಮರ ಒಣಗಿ, ಸೌದೆಯಾಗಿ ಗೋಡೆಯ ಪಕ್ಕ ಒಟ್ಟಿತ್ತು. ಕೊಯ್ಯುವುದಕ್ಕೆ ಒಂದೇ ಒಂದು ಹಸಿ ಕಡ್ಡಿ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪನ ಮೊಣಕಾಲು ಆಗಲೇ ಅಲುಗತೊಡಗಿತ್ತು. ಹಾಗಾದರೆ ಎಣ್ಣೆ ಹಾಕಿದ್ದು ತಪ್ಪಲ್ಲ, ಸುರಿದದ್ದು ತಪ್ಪು, ಒರೆಸದೆ ಬಿಟ್ಟದ್ದು ತಪ್ಪು ಎಂದು ತಾನೇ ತೀರ್ಮಾನಿಸಿದ. ಗುರುಗಳು ಹೌದೆಂದು ತಲೆಯಾಡಿಸಿದರು. ಅವನ ಮುಖ ಅರಳಿತು.

“ಮತ್ತೆ ಮನಸ್ಸಿಗೆ ಹಾಕುವ ಆ ಒಂದು ಹನಿ ಯಾವುದು ಬುದ್ಧೀ? ಅಷ್ಟು ಹೇಳಿಬಿಡಿ.”

ಗುರುಗಳು ಎದ್ದು ಶಲ್ಯವನ್ನು ಹೆಗಲಿಗೆ ಹಾಕಿಕೊಂಡರು.

“ಎರಡು ವರ್ಷದಿಂದ ಮನಸ್ಸು ತೆರೆಯುವುದು ಹೇಗೆ ಎಂದು ಕೇಳುತ್ತಿದ್ದೀಯಪ್ಪಾ, ತೆರೆದ ಮೇಲೆ ಅದು ಯಾರ ಕೆಲಸಕ್ಕೆ ಎಂದು ಒಂದು ದಿನವೂ ಕೇಳಲಿಲ್ಲ.”