ಯೂನಿಕಮ್ಮ ಮುಟ್ಟದ ರೊಟ್ಟಿ

ಮಲಪ್ರಭೆಯ ದಂಡೆಯ ಮೇಲೆ ಸೀಲಯ್ಯ ಎಂಬ ಗುರುಗಳ ಆಶ್ರಮವಿತ್ತು. ಕ್ರಿಸ್ತನ ಹೆಸರಿನ ಆಶ್ರಮ. ಒಂದು ಪ್ರಾರ್ಥನೆಯ ಚಪ್ಪರ, ಆರು ಕೋಣೆ, ಒಂದು ಬಾವಿ.

ತಿಂಗಳ ಮೊದಲ ಭಾನುವಾರ ಅಲ್ಲಿ ಪ್ರಭುಭೋಜನ, ಕ್ರಿಸ್ತನ ಸಾವನ್ನು ನೆನೆದು ರೊಟ್ಟಿ, ರಸ ಹಂಚಿಕೊಳ್ಳುವ ಆರಾಧನೆ. ಅದಕ್ಕೆ ಪೇಟೆಯ ಬ್ರೆಡ್ಡು ತರುತ್ತಿರಲಿಲ್ಲ. ಜೋಳದ ರೊಟ್ಟಿ, ಒಣದ್ರಾಕ್ಷಿ ನೆನೆಸಿ ಹಿಂಡಿದ ರಸ, ಇಷ್ಟೇ.

ರೊಟ್ಟಿ ಬಡಿಯುತ್ತಿದ್ದವರು ಗುರುಗಳ ಶಿಷ್ಯೆ ಯೂನಿಕಮ್ಮ. ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾಗಿ ಬಂದವರು. ಅವರ ರೊಟ್ಟಿ ತೆಳ್ಳಗೆ, ದುಂಡಗೆ, ಎಲ್ಲೂ ಸೀಳದೆ ಬರುತ್ತಿತ್ತು.

ಆದರೆ ಭೋಜನದ ಹೊತ್ತಿಗೆ ಅವರು ಕಡೆಯ ಚಾಪೆಯಲ್ಲಿ ಕೂಡುತ್ತಿದ್ದರು. ತಟ್ಟೆ ಬಂದರೆ ತಲೆ ತಗ್ಗಿಸುತ್ತಿದ್ದರು. ಒಂದು ಚೂರನ್ನೂ ಮುಟ್ಟುತ್ತಿರಲಿಲ್ಲ.

ಗುರುಗಳು ಒಂದು ವರ್ಷ ನೋಡಿದರು. ಆಮೇಲೆ ಕೇಳಿದರು.

"ಯಾಕವ್ವಾ, ನಿನ್ನ ರೊಟ್ಟಿ ಮ್ಯಾಲೆ ನಿನಗ ನಂಬಿಕಿ ಇಲ್ಲೇನು?"

"ರೊಟ್ಟಿ ಸರಿ ಅದಾವ್ರಿ, ಅಜ್ಜಾರ. ನಾನ ಸರಿ ಇಲ್ಲ."

ತರಗತಿಯ ಮುಂದೆ ನಿಂತವರ ಹಾಗೆ ನಿಂತುಕೊಂಡೇ ಅವರು ಹೇಳಿದರು.

"ನಮ್ಮ ಊರ ಕ್ರೈಸ್ತ ಸಭೆಯೊಳಗ ನಾನು ಹಿರಿಯರ ಪೈಕಿ ಒಬ್ಬಾಕಿ. ನನ್ನ ತಮ್ಮನ ಹೆಂಡತಿ ರೋದೆ. ತಮ್ಮ ತೀರಿಕೊಂಡಿದ್ದ. ಆಕಿಗೆ ಒಂದ ಕೂಸು. ಕೂಸಿಗೆ ಜ್ವರ ಬಂತು, ಇಳೀಲಿಲ್ಲ. ಬಾಜೂ ಮನಿಯವರು ಒಂದು ಹರಕಿ ದಾರ ತಂದುಕೊಟ್ಟರು. ಆಕಿ ಕೂಸಿನ ತೋಳಿಗೆ ಕಟ್ಟಿದಳು."

"ಕೂಸು?"

"ಉಳೀಲಿಲ್ಲ."

"ಆಮ್ಯಾಲೆ?"

"ಬ್ಯಾರೆ ದೇವರ ದಾರ ಕಟ್ಟಿದಳಂತ ಆಕಿನ್ನ ಭೋಜನದಿಂದ ಹೊರಗಿಟ್ಟಿವಿ. ನಮ್ಮ ಪದ್ಧತಿ ಹಂಗ. ಎಲ್ಲಾರ ಮುಂದ ನಿಂತು ತಪ್ಪಾತು ಅಂದ್ರ ತಿರುಗಿ ತಗೋತಿದ್ವಿ. ನಾನ ಹೋಗಿ ಕೇಳಿದೆ. 'ಅಕ್ಕಾರ, ಆ ಹೊತ್ತಿನ್ಯಾಗ ಯಾರರ ಹಗ್ಗ ಕೊಟ್ಟಿದ್ರೂ ಕಟ್ಟತಿದ್ದೆ' ಅಂದಳು. ತಪ್ಪಾತು ಅನ್ನಲಿಲ್ಲ."

ಯೂನಿಕಮ್ಮ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡರು.

"ಒಂದು ಶುಭಶುಕ್ರವಾರ ಭೋಜನದ ತಟ್ಟಿ ನನ್ನ ಕೈಯಾಗಿತ್ತು. ಹಿಂದಿನ ಸಾಲಿಗೆ ಬಂದೆ. ರೋದೆ ಕೈ ಚಾಚಿದಳು. ಮಾತಿಲ್ಲ, ಬರೇ ಕೈ. ನಾನು ತಟ್ಟಿ ಆಚೀಕಡೆ ಸರಿಸಿದೆ. ಆ ಮಳಿಗಾಲ ಕಾಮಾಲಿ ಆಗಿ ಹೋದಳು. ಅವತ್ತಿನಿಂದ ನಾನೂ ತಿಂದಿಲ್ಲ. ಹನ್ನೊಂದು ವರ್ಷ ನಾಲ್ಕು ತಿಂಗಳಾತು. ಸಾಯೂತನಕ ತಿನ್ನೂದಿಲ್ಲ."

ಗುರುಗಳು ಎದ್ದು ಕರಿಬೇವಿನ ಗಿಡಕ್ಕೆ ನೀರು ಹಾಕಲು ಹೋದರು.

ಮುಂದಿನ ಭೋಜನದ ದಿನ ಗುರುಗಳು ರೊಟ್ಟಿ ಮುರಿದು ಪ್ರಾರ್ಥಿಸಿದರು. ತಟ್ಟೆಯನ್ನು ಯಾರಿಗೂ ಕೊಡದೆ ಮೇಜಿನ ಮೇಲೆ ರಸದ ಬಟ್ಟಲಿನ ಪಕ್ಕದಲ್ಲಿಟ್ಟರು. ನಡೆದು ಬಂದು ಕಡೆಯ ಚಾಪೆಯಲ್ಲಿ, ಯೂನಿಕಮ್ಮನ ಪಕ್ಕದಲ್ಲಿ ಕೂತರು.

ಜನ ಕಾದರು. ಹಾಡು ಮುಗಿದು ಬಹಳ ಹೊತ್ತಾಗಿತ್ತು. ಬಡಗಿ ಸಮಾಧಾನಪ್ಪ ತಡೆಯಲಾರದೆ ತಿರುಗಿದ.

"ಅಜ್ಜಾರ, ರೊಟ್ಟಿ ಸೆಟದು ಹಪ್ಪಳ ಆಗಾಕತ್ತಾವ."

"ಆಗ್ಲಿ ಬಿಡೋ. ಯೂನಿಕವ್ವನ ಯಜ್ಞ ನಡದೈತಿ. ಅದು ಮುಗದ ಮ್ಯಾಲೆ ತಿನ್ನೂಣು."

ಯೂನಿಕಮ್ಮನ ಮುಖ ಕೆಂಪಾಯಿತು.

"ಎಲ್ಲಾರ ಮುಂದ ಹಿಂಗ ಅಂತೀರೇನ್ರಿ?"

"ಮತ್ತೇನನ್ಲಿ? ಕ್ರಿಸ್ತ ಶಿಲುಬಿ ಮ್ಯಾಲೆ ಆರು ತಾಸು ತೂಗಿದ. ಎಲ್ಲಾ ಮುಗೀತು ಅಂದ. ನೀ ಹನ್ನೊಂದು ವರ್ಷದಿಂದ ತೂಗಾಕತ್ತಿ, ಇನ್ನೂ ಮುಗದಿಲ್ಲ ಅಂತಿ. ನಿಂದ ದೊಡ್ಡದಿರಬೇಕು."

ಚಪ್ಪರದಲ್ಲಿ ಯಾರೂ ನಗಲಿಲ್ಲ.

"ಆ ಬಟ್ಟಲದಾಗ ಏನೈತಿ, ಯೂನಿಕವ್ವಾ?"

"ಹೊಸ ಒಡಂಬಡಿಕಿ. ನಮ್ಮ ಪಾಪಕ್ಕ ಸುರಿಸಿದ ಆತನ ರಕ್ತ."

"ಅದು ಸಾಲದು ಅಂತ ನಿನ್ನ ಉಪವಾಸ ಎಷ್ಟು ಬೆರಸ್ಲಿ? ಹೇಳು, ಬೆರಸ್ತೀನಿ."

ಯೂನಿಕಮ್ಮ ಮುಖ್ಯೋಪಾಧ್ಯಾಯಿನಿಯದಲ್ಲದ ಒಂದು ದನಿಯಲ್ಲಿ ಕೇಳಿದರು.

"ಆಕಿಗೆ ಸಿಗದ್ದನ್ನ ನಾ ಹೆಂಗ ತಿನ್ಲಿ, ಅಜ್ಜಾರ?"

"ಆಕಿಗೆ ಸಿಗಲಿಲ್ಲ ಅಂತ ಯಾರಂದ್ರು? ನಿನ್ನ ಕೈಯಾಗ ಇದ್ದದ್ದು ತಟ್ಟಿ. ಕ್ರಿಸ್ತ ಅಲ್ಲ."

ಗುರುಗಳು ಎದ್ದು ಹೋಗಿ ತಟ್ಟೆ ತಂದರು. ಮೊದಲು ಆ ಚಾಪೆಗೇ ತಂದರು.

ಯೂನಿಕಮ್ಮ ಒಂದು ಚೂರು ತೆಗೆದುಕೊಂಡರು. ಸೆಟೆದ ರೊಟ್ಟಿ, ಬೇಗ ನುಂಗಲಾಗಲಿಲ್ಲ. ಅಗಿಯುತ್ತ ಅತ್ತರು. ಸಮಾಧಾನಪ್ಪ ಮುಂದಕ್ಕೆ ತಿರುಗಿ ಕೂತ.

ಸಂಜೆ ಗುರುಗಳೂ ಯೂನಿಕಮ್ಮನೂ ನದಿಗೆ ಪಾತ್ರೆ ತೊಳೆಯಲು ಹೋದರು. ಯೂನಿಕಮ್ಮ ತೊಳೆದ ಬಟ್ಟಲನ್ನೇ ಮತ್ತೆ ತೊಳೆಯುತ್ತಿದ್ದರು.

"ಅಜ್ಜಾರ, ನಮ್ಮ ಪಾಪ ಇನ್ನ ನೆನಪಿಗೆ ತರೂದಿಲ್ಲ ಅಂತ ದೇವರು ಮಾತು ಕೊಟ್ಟಾನ. ನಂಬ್ತೀನಿ. ಆದ್ರ ನನಗ ಮರಿಯಾಕ ಆಗವಲ್ದು. ಇವತ್ತು ತಿಂದ ಮ್ಯಾಲೂ ಆಕಿ ಮುಖ ಬರ್ತೈತಿ. ಇದು ಯಾವಾಗ ಹೋಗ್ತೈತ್ರಿ?"

ಗುರುಗಳು ಹರಿಯುವ ನೀರನ್ನೇ ನೋಡುತ್ತಿದ್ದರು.

"ಮರೀತೀನಿ ಅಂತ ಮಾತು ಕೊಟ್ಟಾಂವ ಆತ, ನೀ ಅಲ್ಲ. ಆಕಿಗೆ ಗಂಡ ಇಲ್ಲ, ಕೂಸಿಲ್ಲ. ರೋದೆ ಅಂತ ಒಬ್ಬಾಕಿ ಇದ್ದಳು ಅಂತ ನೆನಸಾಕ ಈ ಭೂಮಿ ಮ್ಯಾಲೆ ಯಾರರ ಬೇಕಲ್ಲವ್ವಾ."