ತೊಗಲು ರಾಜನ ಮಂಡಿ

"ಗುರುಗಳೇ, ಮೂಳೆ ಕಲ್ಲಿನಷ್ಟು ಗಟ್ಟಿ. ಎರಡು ಮೂಳೆ ಕೂಡುವ ಜಾಗ ಮಾತ್ರ ಇಷ್ಟು ಸಡಿಲ ಏಕೆ?" ಎಂದು ಅಡವೀಶ ಕೇಳಿದ.

ಅಡವೀಶ ಮಠಕ್ಕೆ ಹೊಸಬ. ಅಲುಗಾಡದೆ ಕೂರುವುದೇ ಸಾಧನೆ ಎಂದು ನಂಬಿದ್ದ. ಕೂತು ಕೂತು ಮಂಡಿ ಬಿಗಿದುಕೊಂಡಿತ್ತು. ಆ ದಿನ ಬೆಳಿಗ್ಗೆ ಅವನ ತಾಯಿ ಊರಿನಿಂದ ನಡೆದು ಬಂದು ಮಠದ ಜಗಲಿಯಲ್ಲಿ ಕುಳಿತಿದ್ದಳು. ಬಂಧನ ಕಳಚಿಕೊಂಡವನಿಗೆ ತಾಯಿಯೇನು, ತಂದೆಯೇನು ಎಂದು ಅವನು ಹೊರಗೆ ಹೋಗಿರಲಿಲ್ಲ. ಮನಸ್ಸು ಮಾತ್ರ ಜಗಲಿಯನ್ನು ಬಿಟ್ಟಿರಲಿಲ್ಲ. ಅದನ್ನು ಮರೆಯಲೆಂದು ಕಾಲು ಚಾಚಿ ಮಂಡಿಚಿಪ್ಪನ್ನು ಒತ್ತುತ್ತಿದ್ದ. ಅದು ಬೆರಳಿನಡಿ ಅತ್ತಿತ್ತ ಜಾರುವುದು ಕಂಡು ಅವನಿಗೆ ಸೋಜಿಗವಾಗಿತ್ತು.

"ಕಾಲೆಲ್ಲ ಒಂದೇ ಮೂಳೆಯಾಗಿದ್ದರೆ ನೋವೇ ಇರುತ್ತಿರಲಿಲ್ಲ" ಎಂದ.

ಗುರುಗಳು ನಕ್ಕು ಕತೆ ಹೇಳಿದರು.

ತೊಗಲುಗೊಂಬೆ ಆಡಿಸುವವನೊಬ್ಬನಿದ್ದ. ಅವನ ರಾಜನ ಗೊಂಬೆಯಲ್ಲಿ ಭುಜ, ಮೊಣಕೈ, ಸೊಂಟ, ಮಂಡಿ ಎಲ್ಲ ಬೇರೆ ಬೇರೆ ತುಂಡು. ತುಂಡಿನ ಮೇಲೆ ತುಂಡಿಟ್ಟು, ತೂತಿನಲ್ಲಿ ದಾರ ತೂರಿಸಿ, ಎರಡೂ ಬದಿಗೆ ಗಂಟು ಹಾಕುವುದು ಆ ಕಸುಬಿನವರ ಪದ್ಧತಿ. ಗಂಟಿಗೂ ತೊಗಲಿಗೂ ನಡುವೆ ಒಂದಿಷ್ಟು ಸಡಿಲ ಬಿಡಬೇಕು.

ಒಮ್ಮೆ ಯುದ್ಧದ ಆಟದಲ್ಲಿ ದಾರ ಸವೆದು ರಾಜನ ತೋಳು ಕಳಚಿ ಬಿತ್ತು. ಜನ ಬಿದ್ದು ಬಿದ್ದು ನಕ್ಕರು. ಭೂಮಿ ಬಾಯಿ ಬಿಡಬಾರದೇ ಎನಿಸಿತು ಆಡಿಸುವವನಿಗೆ. ಈ ಸಡಿಲವೇ ತನ್ನ ಮಾನ ಕಳೆಯಿತು ಎಂದುಕೊಂಡ. ಮನೆಗೆ ಬಂದವನೇ ಒಂದೊಂದು ಕೀಲನ್ನೂ ಸುತ್ತ ಹೊಲಿದು ಬಿಗಿದ. ಹೆಂಡತಿ ಬೇಡವೆಂದಳು. ಅವನು ಕೇಳಲಿಲ್ಲ.

ಆಟ ಮೆಚ್ಚಿಗೆಯಾದರೆ ವರ್ಷವರ್ಷವೂ ನಿನ್ನನ್ನೇ ಕರೆಯುತ್ತೇವೆ ಎಂದಿದ್ದರು ಮುಂದಿನ ಊರಿನವರು. ಅಲ್ಲಿ ರಾಜ ಮೈಯನ್ನೇ ಬೀಸಿ ಯುದ್ಧ ಮಾಡಿದ. ಏನೂ ಕಳಚಲಿಲ್ಲ. ಆಡಿಸುವವನು ಒಳಗೊಳಗೇ ಬೀಗಿದ. ಗೆದ್ದ ರಾಜ ತಾಯಿಯ ಕಾಲಿಗೆ ಎರಗುವ ಘಟ್ಟ ಬಂತು. ಆಡಿಸುವವನು ಗೊಂಬೆಗೆ ಕಟ್ಟಿದ ಕಡ್ಡಿ ಒತ್ತಿದ, ಮಂಡಿ ಮಡಿಯಲಿಲ್ಲ. ಇನ್ನಷ್ಟು ಒತ್ತಿದ. ರಾಜ ಹಲಗೆಯಂತೆ ನಿಂತೇ ಇದ್ದ.

ಮುಂದೆ ಕೂತಿದ್ದ ಮುದುಕಿಯೊಬ್ಬಳು ಕೂಗಿದಳು: "ಏನಪ್ಪಾ ರಾಜ, ಗೆದ್ದು ಬಂದೆ ಅಂತ ಹೆತ್ತವ್ವನ ಮುಂದೂ ಸೆಟ್ಕೊಂಡು ನಿಂತ್ಯಾ?"

ಈ ಸಲ ಯಾರೂ ನಗಲಿಲ್ಲ. ನಗದೇ ಇದ್ದದ್ದು ಆಡಿಸುವವನಿಗೆ ಇನ್ನೂ ಕಷ್ಟವಾಯಿತು.

ಪರದೆಯ ಹಿಂದಿದ್ದ ಹೆಂಡತಿ ಗೊಂಬೆಯನ್ನು ಕೆಳಗಿಳಿಸಿ ಮಂಡಿಯ ಹೊಲಿಗೆಯನ್ನು ಕತ್ತರಿಸಿದಳು. ಒಳಗಿನ ಹಳೆಯ ಗಂಟು ಹಾಗೇ ಇತ್ತು. "ಬಿಗಿದ್ರೆ ಕಳಚೋದಿಲ್ಲ, ನಿಜ. ಬಾಗೋದೂ ಇಲ್ಲ" ಎಂದಳು. ರಾಜ ಮಂಡಿಯೂರಿದ. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕತೆ ಮುಗಿಸಿ ಗುರುಗಳು ಅಡವೀಶನ ಮಂಡಿಯ ಮೇಲೆ ಕೈಯಿಟ್ಟರು. "ಇಲ್ಲಿಯೂ ಮೂಳೆಗೆ ಮೂಳೆ ತಾಗುವುದಿಲ್ಲ. ನಡುವೆ ಮೆತ್ತನೆಯ ಹೊದಿಕೆಯಿದೆ, ಲೋಳೆಯಂಥ ನೀರಿದೆ. ಆಡಿಸಿದರೆ ಆ ನೀರು ಹರಡುತ್ತದೆ. ಸುಮ್ಮನೆ ಬಿಟ್ಟರೆ ಕೀಲು ಬಿಗಿಯುತ್ತದೆ" ಎಂದರು.

ಅಡವೀಶ ಕಾಲನ್ನು ಮಡಿಸಿದ, ಚಾಚಿದ, ಮತ್ತೆ ಮಡಿಸಿದ. ಒಳಗೆ ಲಟಕ್ಕೆಂದಿತು.

"ಮಡಿಯುತ್ತದೆ ಗುರುಗಳೇ! ಹಾಗಾದರೆ ನನ್ನ ಮಂಡಿ ಕೆಟ್ಟಿಲ್ಲ!"

"ಜಗಲಿಗೆ ಹೋಗಿ ನಿನ್ನ ಅವ್ವನ ಮುಂದೆ ಮಡಿಸಿ ನೋಡು, ಆಮೇಲೆ ಹೇಳು" ಎಂದರು ಗುರುಗಳು.

ಅಡವೀಶ ಎದ್ದು ಜಗಲಿಯ ಕಡೆ ಹೆಜ್ಜೆ ಹಾಕಿದ.