ನೀರುಕಾಗೆರಾಯನ ಮಡಿ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ತುಂಗಮ್ಮನವರು. ಅವರು ಹೇಳಿದಂತೆಯೇ ಬರೆಯುತ್ತೇನೆ.

ಲೋಕ ಇನ್ನೂ ಹೊಸದಾಗಿದ್ದಾಗ, ದೇವರು ನೀರುಹಕ್ಕಿಗಳನ್ನೆಲ್ಲ ಕೆರೆಯ ದಡದಲ್ಲಿ ಕೂರಿಸಿ, ಒಬ್ಬೊಬ್ಬರಿಗೂ ಒಂದೊಂದು ರೇಷ್ಮೆಯ ಅಂಗಿ ತೊಡಿಸಿದನು. ನೀರು ತಾಗದಿರಲೆಂದು ತನ್ನ ಕೈಯಾರೆ ಅದಕ್ಕೆ ಎಣ್ಣೆ ಸವರಿದನು. ಕೊಳೆಯಾದರೆ ಒಗೆಯಿರಿ, ಇಲ್ಲದಿದ್ದರೆ ಗಾಳಿಗೆ ಹರವಿರಿ, ಅಷ್ಟೇ ಸಾಕು ಎಂದನು.

ಬಾತಕ್ಕ ಹಾಗೆಯೇ ಮಾಡಿದಳು. ನೀರುಕಾಗೆರಾಯನಿಗೆ ಮಾತ್ರ ಮಡಿಯ ಹುಚ್ಚು. ಕಪ್ಪೆ ಸೋಕಿತೇ, ಮಡಿ ಕೆಟ್ಟಿತು, ಒಗೆ. ಆಮೆ ಪಕ್ಕದಲ್ಲಿ ಸೀನಿತೇ, ಮಡಿ ಕೆಟ್ಟಿತು, ಒಗೆ. ಅಂಟುವಾಳದ ಕಾಯಿ ಹಾಕಿ ಉಜ್ಜುವುದು, ಕಲ್ಲಿಗೆ ಬಡಿಯುವುದು, ಹಿಂಡುವುದು, ದಿನವೂ ಇದೇ.

ರೇಷ್ಮೆಗೆ ನಾನು ಸೋಕಿದರೇ ಮಡಿಯಪ್ಪಾ ಎಂದು ಗಾಳಿ ಮೆಲ್ಲಗೆ ಹೇಳಿ ನೋಡಿತು. ರಾಯ ಕೇಳಲಿಲ್ಲ. ಹೆಂಡತಿ ಗೂಡಿನಿಂದಲೇ ಗೊಣಗಿದಳು: "ಏನೂಂದ್ರೆ, ಆ ಅಂಗಿಗೆ ಕಾಲಿದ್ದಿದ್ದರೆ ಇಷ್ಟು ಹೊತ್ತಿಗೆ ತವರಿಗೆ ಹೋಗಿಬಿಡುತ್ತಿತ್ತು."

ಒಗೆದು ಒಗೆದು ಎಣ್ಣೆಯೆಲ್ಲ ಹೋಯಿತು. ಅಂಗಿ ಸವೆದು ಜಾಳಾಯಿತು.

ಅಷ್ಟರಲ್ಲಿ ಮೊಟ್ಟೆಯೊಡೆದು ಮರಿಗಳು ಬಂದವು. ಹಸಿವೆಂದು ಬಾಯಿ ತೆರೆದವು. ರಾಯ ಮೀನಿಗೆಂದು ಕೆರೆಗಿಳಿದ. ಬಾತಕ್ಕ ಹಾಯಾಗಿ ತೇಲುತ್ತಿದ್ದಳು. ರಾಯನ ಅಂಗಿಯೋ ಗಟಗಟನೆ ನೀರು ಕುಡಿದು ಅವನನ್ನು ಕೆಳಕ್ಕೆಳೆಯಿತು. ಮರಿಗಳ ಗತಿಯೇನು ದೇವರೇ ಎಂದುಕೊಳ್ಳುತ್ತಲೇ ಮುಳುಗಿದ, ಇನ್ನೂ ಮುಳುಗಿದ, ಕೆರೆಯ ತಳ ಮುಟ್ಟಿದ.

ಕಣ್ಣುಬಿಟ್ಟು ನೋಡಿದರೆ, ಬಾತಕ್ಕ ಎಂದೂ ಕಾಣದಂಥ ದಪ್ಪ ಮೀನುಗಳು ಅಲ್ಲಿ ಓಡಾಡುತ್ತಿದ್ದವು! ಒಂದನ್ನು ಕಚ್ಚಿಕೊಂಡು, ಕಾಲು ಬಡಿಯುತ್ತ ಹೇಗೋ ಮೇಲೆ ಬಂದ. ಮರಿಗಳ ಹೊಟ್ಟೆ ತುಂಬಿತು. ಆದರೆ ಅವನಿಗೆ ಗಡಗಡ ನಡುಕ. ಅಂಗಿ ಮೈಗಂಟಿಕೊಂಡು ರೆಕ್ಕೆಯೇ ಏಳದು. ನಾಳೆ ಮತ್ತೆ ಮೀನು ತರುವುದು ಹೇಗೆ?

ಅವನು ಸೂರ್ಯನ ಕಡೆ ತಲೆಯೆತ್ತಿ ಇನ್ನೊಂದು ಅಂಗಿ ಬೇಡಿದ.

"ಅಂಗಿ ಒಂದೇ ಮಗೂ, ಹೋದ ಎಣ್ಣೆಯೂ ಬಾರದು" ಎಂದ ಸೂರ್ಯ. "ಇನ್ನು ಉಜ್ಜಬೇಡ, ಬಡಿಯಬೇಡ. ಮುಳುಗಿ ಎದ್ದಾಗಲೆಲ್ಲ ನನ್ನೆದುರು ಹರವಿಕೊಂಡು ನಿಲ್ಲು. ಒಣಗಿಸಿಕೊಡುವುದು ನನಗಿರಲಿ."

ಅದಕ್ಕೇ ಮಕ್ಕಳೇ, ಇಂದಿಗೂ ಕೆರೆಯ ನಡುವಿನ ಬಂಡೆಯ ಮೇಲೆ ನೀರುಕಾಗೆ ಎರಡೂ ರೆಕ್ಕೆ ಹರವಿ ಬಿಸಿಲಿಗೆ ನಿಂತಿರುತ್ತದೆ. ನಿಮ್ಮ ಕಣ್ಣಿಗೆ ಬಿದ್ದ ದಿನ, ಪಕ್ಕದಲ್ಲಿ ಯಾರಿದ್ದರೂ ಸರಿ, ಅವರಿಗೆ ಈ ಕತೆ ಹೇಳಿ.